ನೀಲಿ ಕಿಂಡಿಯ ಕಾರ್ಡು

ತಿಳವಳ್ಳಿ ಬಸ್‌ಸ್ಟ್ಯಾಂಡ್ ಹತ್ತಿರ ನಮ್ಮದೊಂದು ಬಾಡಿಗೆ ಖೋಲಿ ಇದೆ. ಅಲ್ಲಿಗೆ ತಿಂಗಳಿಗೆ ಇಬ್ಬರಾದರೂ ಹುಡುಗರು ಬಂದು ಒಂದೇ ಪ್ರಶ್ನೆ ಕೇಳುತ್ತಾರೆ: "ಅಣ್ಣಾರ, ಹತ್ತ ಸಾವಿರದಾಗ ಯಾವ ಗ್ರಾಫಿಕ್ಸ್ ಕಾರ್ಡ್ ಚಲೋ ಐತ್ರಿ?" ನಾವು ತಕ್ಷಣ ಉತ್ತರ ಕೊಡುವುದಿಲ್ಲ. ಕಿಟಕಿ ಕಟ್ಟೆಯ ಮೇಲೆ ಧೂಳು ಹಿಡಿದು ಕುಂತ ಒಂದು ಕಾರ್ಡು ತೆಗೆದು ಕೈಗೆ ಕೊಡುತ್ತೇವೆ. ಆ ಕಾರ್ಡಿನ ಕತೆ ಹೇಳಿದ ಮೇಲೆಯೇ ಉಳಿದ ಮಾತು.

ನಾವು ಎಂದರೆ ಅಣ್ಣ ತಮ್ಮ ಇಬ್ಬರು. ಒಬ್ಬರದು ಪತ್ರಿಕೆಗೆ, ಚಾನೆಲ್ಲಿಗೆ ಸುದ್ದಿ ಕಳಿಸುವ ಕೆಲಸ. ಸುದ್ದಿಗಿಷ್ಟು ಅಂತ ರೊಕ್ಕ, ಅದೂ ಮೂರು ತಿಂಗಳಿಗೊಮ್ಮೆ. ಇನ್ನೊಬ್ಬರದು ಮದುವೆ, ಕುಬಸ, ಜಾವಳದ ವಿಡಿಯೊ. ಇಬ್ಬರ ನಡುವೆ ಕಂಪ್ಯೂಟರ್ ಒಂದೇ. ನಾಲ್ಕನೇ ತಲೆಮಾರಿನ ಐ5, ಎಂಟು ಜಿಬಿ ರ‍್ಯಾಮ್, ಹಳೇ ಹಾರ್ಡ್‌ಡಿಸ್ಕ್, ವಿಜಿಎ ವೈರಿನ ಹಳೇ ಮಾನಿಟರ್.

2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಅಲ್ಲಿಂದಲೇ ಇದು ಶುರುವಾಯಿತು. ಜಿಲ್ಲೆಗೆ ಅಂಥ ಜಾತ್ರೆ ಮತ್ತೆ ಯಾವಾಗ ಬಂದೀತು ಎಂದು ಮೂರೂ ದಿನ ಹೊಸ ಫೋನಿನಲ್ಲಿ 4ಕೆ ವಿಡಿಯೊ ತೆಗೆದೆವು. ರಾತ್ರಿ ಊರಿಗೆ ಬಂದು ಎಡಿಟಿಂಗಿಗೆ ಹಾಕಿದರೆ ಚಿತ್ರ ಮುಂದಕ್ಕೇ ಹೋಗಲಿಲ್ಲ. ಮಾತು ಒಂದು ಕಡೆ, ಬಾಯಿ ಇನ್ನೊಂದು ಕಡೆ. ಮೂರು ನಿಮಿಷದ ತುಣುಕು ಕಟ್ಟಿ ಹೊರಗೆ ತೆಗೆಯುವಷ್ಟರಲ್ಲಿ ಬೆಳಗಾಗಿತ್ತು. ಡೆಸ್ಕಿನವರು "ನಿನ್ನೇದು ಈಗ ಯಾಕ?" ಅಂದರು. ಆ ಮೂರು ದಿನದ ಒಂದು ತುಣುಕಿಗೂ ರೊಕ್ಕ ಬರಲಿಲ್ಲ.

ಗ್ರಾಫಿಕ್ಸ್ ಕಾರ್ಡ್ ಇಲ್ಲದ್ದೇ ರೋಗ ಎಂದು ನಾವೇ ತೀರ್ಮಾನ ಮಾಡಿದೆವು. ಅವ್ವ ಸಂಘದಲ್ಲಿ ಹತ್ತು ಸಾವಿರ ಸಾಲ ಎತ್ತಿದಳು. ವಾರಕ್ಕೆ 220 ರೂಪಾಯಿಯಂತೆ 50 ವಾರ. ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುವಾಗ ಇದು ಏನು ಸಾಮಾನು ಎಂದು ಕೇಳಲಿಲ್ಲ, "ಇದರಿಂದ ಕೆಲಸ ಆಕ್ಕೇತಿ ಹೌದಲ್ಲೋ?" ಎಂದಷ್ಟೇ ಕೇಳಿದಳು.

ಹಾನಗಲ್ಲಿನಲ್ಲಿ ಬಸ್ ಬದಲಿಸಿ ಹುಬ್ಬಳ್ಳಿಗೆ ಹೋದೆವು. ಅಂಗಡಿಯ ಹೆಸರು ಇಲ್ಲಿ ಬೇಡ. ಜಿಟಿಎಕ್ಸ್ 1050 ಟಿಐ, 4 ಜಿಬಿ, "ಡಬ್ಬಿ ಒಡೆದಿದ್ದಕ್ಕ ಅಗ್ಗ" ಎಂದು 6,500ಕ್ಕೆ ಕೊಟ್ಟ. ಹಿಂದೆ ತಿರುಗಿಸಿ ನೋಡಿದರೆ ನಮ್ಮ ಮಾನಿಟರಿಗೆ ಬೇಕಾದ ನೀಲಿ ವಿಜಿಎ ಕಿಂಡಿಯೂ ಇತ್ತು. ಬೇರೆ ಅಂಗಡಿಗಳ ಕಾರ್ಡಿನಲ್ಲಿ ಅದು ಇರಲಿಲ್ಲ. ಕನ್ವರ್ಟರಿನ ರೊಕ್ಕ ಉಳಿಯಿತು ಎಂದು ಖುಷಿಯಿಂದ ತಂದೆವು. ಬಿಲ್ ಕೇಳಿದ್ದಕ್ಕೆ "ಜಿಎಸ್‌ಟಿ ಬೀಳತೈತ್ರಿ, ಸುಮ್ಮ ಯಾಕ" ಅಂದ. ನಾವೂ ಹ್ಞೂಂ ಅಂದೆವು.

ಹಾಕಿದ ಮೇಲೆ ಪರದೆಯ ಮೇಲೆ 1050 ಟಿಐ ಎಂದೇ ಹೆಸರು ಬಂತು. ಆದರೆ ಎಡಿಟಿಂಗ್ ಸಾಫ್ಟ್‌ವೇರ್ ಅದನ್ನು ಮುಟ್ಟಲಿಲ್ಲ. ಕಂಪನಿಯ ಹೊಸ ಡ್ರೈವರ್ ಹಾಕಿದರೆ ಪರದೆ ಕಪ್ಪಾಯಿತು. ಕಡೆಗೆ ಜಿಪಿಯು-ಝಡ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ನೋಡಿದೆವು. ಕಾರ್ಡಿನ ಹೆಸರಿನ ಹಿಂದೆ 'ಫೇಕ್' ಎಂದು ಬರೆದಿತ್ತು. ಒಳಗಿದ್ದದ್ದು 2010ರ ಜಿಟಿಎಸ್ 450 ಚಿಪ್ಪು. ಅದರ ಬಯಾಸ್ ತಿದ್ದಿ, ಹೊಸ ಹೆಸರು ಕೊಟ್ಟು ಮಾರುವ ದಂಧೆ ಎಷ್ಟು ಹಳೆಯದೆಂದರೆ, ಇಂಥವನ್ನು ಹಿಡಿಯುವ ವ್ಯವಸ್ಥೆ ಆ ಸಾಫ್ಟ್‌ವೇರಿಗೆ 2018ರಲ್ಲೇ ಸೇರಿತ್ತು. ನಿಜವಾದ 1050 ಟಿಐನಲ್ಲಿ 768 ಕೋರ್ ಇರುತ್ತವೆ, ನಮ್ಮ ಕೈಗೆ ಸಿಕ್ಕದ್ದರಲ್ಲಿ 192. 1050 ಟಿಐ ಬಂದದ್ದು 2016ರಲ್ಲಿ, ಆ ತಲೆಮಾರಿನಿಂದಲೇ ಎನ್ವಿಡಿಯಾ ತನ್ನ ಚಿಪ್ಪುಗಳಲ್ಲಿ ವಿಜಿಎ ಸಿಗ್ನಲ್ ಕೈಬಿಟ್ಟಿದೆ. ನಾವು ಯಾವ ಕಿಂಡಿ ನೋಡಿ ಕೊಂಡೆವೋ, ಅದೇ ಕಿಂಡಿ 'ಇದು ಖೊಟ್ಟಿ ಮಾಲು' ಎಂದು ಹೇಳುತ್ತಿತ್ತು.

ಮರಳಿ ಹೋದರೆ ಅಂಗಡಿಯವ ನಮ್ಮನ್ನು ಗುರುತೇ ಹಿಡಿಯಲಿಲ್ಲ. "ಬಿಲ್ ಐತೇನ್ರಿ?" ಅಂದ.

ಅವ್ವನಿಗೆ ಎರಡು ತಿಂಗಳು ಹೇಳಲಿಲ್ಲ. ಪ್ರತಿ ವಾರ ಕಂತಿನ ದಿನ ಮನೆಯಲ್ಲಿ ಇರದಂತೆ ಏನಾದರೂ ಕೆಲಸ ಹಚ್ಚಿಕೊಳ್ಳುತ್ತಿದ್ದೆವು. ಒಂದು ಮದುವೆ ವಿಡಿಯೊ ತಡವಾಗಿ ಹುಡುಗನ ಕಡೆಯವರು ಮನೆಗೇ ಬಂದು ಕುಂತಾಗ ಎಲ್ಲ ಹೊರಬಿತ್ತು. ಅವ್ವ ಬೈಯಲಿಲ್ಲ. "ರಸೀದಿ ಇಲ್ಲೇನು?" ಎಂದಳು. ಪ್ರತಿ ಮುಂಗಾರಿಗೆ 'ಬಿತ್ತನೆ ಬೀಜ ಕೊಳ್ಳುವಾಗ ತಪ್ಪದೆ ರಸೀದಿ ಪಡೆಯಿರಿ, ಚೀಲದ ಲಾಟ್ ನಂಬರ್ ನೋಡಿರಿ' ಎಂಬ ಸುದ್ದಿ ಈ ಖೋಲಿಯಿಂದಲೇ ಹೋಗುತ್ತದೆ. ಗೋವಿನಜೋಳ ಹುಟ್ಟದೇ ಹೋದ ರೈತರನ್ನು ಕ್ಯಾಮೆರಾ ಮುಂದೆ ನಿಲ್ಲಿಸಿ ರಸೀದಿ ಎಲ್ಲಿ ಎಂದು ಕೇಳಿದವರು ನಾವೇ. ಅವ್ವನ ಪ್ರಶ್ನೆಗೆ ಉತ್ತರ ಇರಲಿಲ್ಲ.

ಆಮೇಲೆ ಸರಿಯಾಗಿ ಓದಿ ತಿಳಿದುಕೊಂಡೆವು. ಮೊದಲು ಗೊತ್ತಾದದ್ದು ಸಮ್ಮೇಳನದ ರಾತ್ರಿಯ ರೋಗಕ್ಕೆ ಕಾರ್ಡೇ ಬೇಕಿರಲಿಲ್ಲ ಎಂಬುದು! ಹೊಸ ಫೋನುಗಳು ಜಾಗ ಉಳಿಸಲು ಎಚ್‌ಇವಿಸಿ ರೂಪದಲ್ಲಿ ವಿಡಿಯೊ ತೆಗೆಯುತ್ತವೆ. ಇಂಟೆಲ್ಲಿನ ನಾಲ್ಕನೇ ತಲೆಮಾರಿಗೆ ಅದನ್ನು ಬಿಡಿಸುವ ಯಂತ್ರವೇ ಇಲ್ಲ. ಆರನೇ ತಲೆಮಾರಿನಿಂದ ಇದೆ. ಹಳೆಯ ಎಚ್.264 ಆದರೆ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸೇ ಸಲೀಸಾಗಿ ಬಿಡಿಸುತ್ತದೆ. ಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಒಂದು ಗುಂಡಿ ಒತ್ತಿ ಎಚ್.264ಕ್ಕೆ, 4ಕೆಯಿಂದ 1080ಕ್ಕೆ ಇಳಿಸಿದೆವು. ಒಂದೇ ರ‍್ಯಾಮ್ ಕಡ್ಡಿಯ ಜೊತೆ ಅಂಥದೇ ಇನ್ನೊಂದು ಹಾಕಿದೆವು, ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲದ್ದರಿಂದ ಜೋಡಿ ಕಡ್ಡಿ ಅದಕ್ಕೆ ದೊಡ್ಡ ಆಸರೆ. ಒಂದು ಚಿಕ್ಕ ಎಸ್‌ಎಸ್‌ಡಿ ತಂದೆವು. ಸಾಲದಲ್ಲಿ ಉಳಿದ 3,500 ಇಷ್ಟಕ್ಕೇ ಮುಗಿಯಿತು. ಸುದ್ದಿಯ ಕೆಲಸ ಅಂದಿನಿಂದ ನಿಂತಿಲ್ಲ.

ಆಟದ ಹುಡುಗರಿಗೂ ಇದನ್ನೇ ಹೇಳುತ್ತೇವೆ. ವ್ಯಾಲರಂಟ್ ಆಡಲು ಒಳಗಿನ ಗ್ರಾಫಿಕ್ಸ್ ಸಾಕು, ಮೊದಲು ಇದ್ದದ್ದರಲ್ಲಿ ಆಡಿ ನೋಡ್ರಪಾ ಅಂತ.

ಮದುವೆ ವಿಡಿಯೊ ಬೇರೆ ಮಾತು. ಎರಡು ತಾಸಿನ ಸಾಮಾನು, ಮೇಲೆ ಹೂವು ಉದುರಿಸುವುದು, ಬಣ್ಣ ತಿದ್ದುವುದು. ಅದಕ್ಕೆ ಕಾರ್ಡು ಬೇಕೇ ಬೇಕು. ಈ ಸಲ ಕಾರ್ಡು ನೋಡುವ ಮೊದಲು ನಮ್ಮ ಡಬ್ಬಿ ಬಿಚ್ಚಿದೆವು. ಪವರ್ ಸಪ್ಲೈ ಮೇಲೆ ದೊಡ್ಡದಾಗಿ '450' ಎಂದಿತ್ತು. ಅದನ್ನು ನಂಬಬಾರದು. ಪಕ್ಕದ ಪಟ್ಟಿಯಲ್ಲಿ 12 ವೋಲ್ಟಿನ ಸಾಲು ನೋಡಬೇಕು, ಕಾರ್ಡು ಉಣ್ಣುವುದು ಅಲ್ಲಿಂದ. ನಮ್ಮದರಲ್ಲಿ 14 ಆಂಪಿಯರ್ ಎಂದಿತ್ತು. ಗುಣಿಸಿದರೆ 168 ವ್ಯಾಟ್. ಅದರಲ್ಲಿ ಪ್ರೊಸೆಸರಿನ ಪಾಲು ಕಳೆದರೆ 75 ವ್ಯಾಟಿನ ಕಾರ್ಡೇ ನಮಗೆ ಗಡಿ. 75 ವ್ಯಾಟಿನವರೆಗೆ ಮದರ್‌ಬೋರ್ಡಿನ ಗೂಡೇ ಕೊಡುತ್ತದೆ, ಬೇರೆ ವೈರು ಬೇಡ. ನಮ್ಮೂರಲ್ಲಿ ಕರೆಂಟು ಕುಣಿಯುವ ಹೊತ್ತಿಗೆ ಸಾಮಾನ್ಯ 600 ವಿಎ ಯುಪಿಎಸ್ ತಡೆಯಬಲ್ಲದ್ದೂ ಸುಮಾರು 360 ವ್ಯಾಟ್ ಅಷ್ಟೇ, ಅದರಲ್ಲೇ ಮಾನಿಟರ್ ಕೂಡ.

ಆಫೀಸಿನಿಂದ ಹೊರಬಿದ್ದ ತೆಳ್ಳನೆಯ ಡಬ್ಬಿ ಕೊಂಡವರು ಇನ್ನೂ ಒಂದು ಅಳತೆ ನೋಡಬೇಕು. ಅದಕ್ಕೆ ಗಿಡ್ಡ ಕಾರ್ಡೇ ಕೂಡುವುದು. ದೊಡ್ಡ ಕಾರ್ಡು ತಂದು ಮುಚ್ಚಳ ತೆಗೆದೇ ಇಟ್ಟುಕೊಂಡವರನ್ನು ನೋಡಿದ್ದೇವೆ, ಇಲಿ ಹೊಕ್ಕದ್ದನ್ನೂ ನೋಡಿದ್ದೇವೆ.

2022ರ ಸೆಪ್ಟೆಂಬರಿನಲ್ಲಿ ಇಥಿರಿಯಂ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆ ನಿಂತಿತು. ಅಲ್ಲಿ ಹಗಲು ರಾತ್ರಿ ದುಡಿದ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಪೇಟೆಗೆ ಬಂದವು. ಆರ್‌ಎಕ್ಸ್ 580 ಬಹಳ ಅಗ್ಗ, ಬಲವೂ ಹೆಚ್ಚು. ಆದರೆ 185 ವ್ಯಾಟ್! ಅದಕ್ಕೆ ಪವರ್ ಸಪ್ಲೈ ಬೇರೆ ತರಬೇಕು, ಅಗ್ಗ ಉಳಿಯುವುದಿಲ್ಲ. ಮೇಲಾಗಿ '580 2048ಎಸ್‌ಪಿ' ಎಂದು ಬರುವುದು ನಿಜದಲ್ಲಿ 570ರ ಚಿಪ್ಪು. ಜಿಟಿ 1030ರಲ್ಲೂ ಇದೇ ಆಟ: ಜಿಡಿಡಿಆರ್5 ಮೆಮೊರಿಯದು ಒಂದು, ಡಿಡಿಆರ್4ದು ಇನ್ನೊಂದು, ಎರಡನೆಯದರ ಮೆಮೊರಿ ವೇಗ ಮೊದಲನೆಯದರ ಮೂರನೇ ಒಂದು ಭಾಗದಷ್ಟು. ಎರಡರಲ್ಲೂ ವಿಡಿಯೊ ಹೊರತೆಗೆಯುವ ಎನ್‌ಕೋಡರ್ ಇಲ್ಲ. ಎಎಮ್‌ಡಿಯ ಆರ್‌ಎಕ್ಸ್ 6400, 6500 ಎಕ್ಸ್‌ಟಿಗಳಲ್ಲೂ ಅದಿಲ್ಲ. ನಮ್ಮಂಥ ವಿಡಿಯೊದವರು ಇವನ್ನು ಬಿಟ್ಟುಬಿಡುವುದೇ ಲೇಸು. ಇಂಟೆಲ್ಲಿನ ಆರ್ಕ್ ಎ380 ವಿಡಿಯೊಕ್ಕೆ ಬಹಳ ಚಲೋ, ಆದರೆ ಹತ್ತನೇ ತಲೆಮಾರಿಗಿಂತ ಹಳೆಯ ಯಂತ್ರದಲ್ಲಿ ಸೋಲುತ್ತದೆ.

ಹಾಗಾಗಿ ನಮಗೆ ಉಳಿದದ್ದು 2019ರ ಜಿಟಿಎಕ್ಸ್ 1650. 4 ಜಿಬಿ, 75 ವ್ಯಾಟ್. ಎರಡು ಮದುವೆಯ ಮುಂಗಡ, ಮೂರು ತಿಂಗಳ ಸುದ್ದಿಯ ರೊಕ್ಕ ಕೂಡಿಸಿ ಬಳಸಿದ್ದೊಂದನ್ನು 7,000ಕ್ಕೆ ತಂದೆವು. ಅಂಗಡಿಯಲ್ಲೇ ಹಾಕಿಸಿ, ಜಿಪಿಯು-ಝಡ್ ತೆರೆಸಿ, ಇಪ್ಪತ್ತು ನಿಮಿಷ ಜೋರಾಗಿ ಓಡಿಸಿ ನೋಡಿ, ಹಳೇ ಬಿಲ್ಲು ಮತ್ತು ಹೊಸ ರಸೀದಿ ಎರಡನ್ನೂ ಇಸಿದುಕೊಂಡೆವು. ಮಾನಿಟರಿಗೆ ಎಚ್‌ಡಿಎಮ್‌ಐಯಿಂದ ವಿಜಿಎ ಮಾಡುವ ಕನ್ವರ್ಟರ್ ಹಾಕಿದೆವು. ಈಗ ಹೊಸದನ್ನೇ ಕೊಳ್ಳುವಷ್ಟು ರೊಕ್ಕ ಇದ್ದವರಿಗೆ 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿಯದು ನೋಡಿ ಎನ್ನುತ್ತೇವೆ. 70 ವ್ಯಾಟ್, ಅದಕ್ಕೂ ಬೇರೆ ವೈರು ಬೇಡ. 8 ಜಿಬಿಯ 3050 ಬೇರೆಯದೇ ಕಾರ್ಡು, 130 ವ್ಯಾಟ್, ಹೆಸರಿಗೆ ಮೋಸಹೋಗಬೇಡಿ.

ಅವ್ವನ 50 ಕಂತು ಮುಗಿದಿವೆ. ಖೊಟ್ಟಿ ಕಾರ್ಡು ಕಿಟಕಿಯಲ್ಲೇ ಇದೆ.

ಹೋದ ವಾರ ಪಕ್ಕದ ಊರಿನ ಪಿಯುಸಿ ಹುಡುಗನೊಬ್ಬ ಬಂದಿದ್ದ. ಅಪ್ಪ ಶುಂಠಿ ಮಾರಿ ಕೊಟ್ಟ ರೊಕ್ಕದಲ್ಲಿ ಒಂದು ಸಾವಿರ ಆಗಲೇ ಅಡ್ವಾನ್ಸ್ ಕೊಟ್ಟು, ಕಾರ್ಡಿನ ಫೋಟೊ ಫೋನಿನಲ್ಲಿ ತಂದಿದ್ದ. 1050 ಟಿಐ. ಹಿಂದಿನ ಫೋಟೊ ಐತೇನು ತಮ್ಮಾ ಎಂದೆವು. ಬೆರಳಿಂದ ಸರಿಸಿದ. ನೀಲಿ ಕಿಂಡಿ. ನಾವು ಏನೂ ಹೇಳದೆ ಕಿಟಕಿಯ ಕಾರ್ಡು ತೆಗೆದು ಅವನ ಫೋನಿನ ಪಕ್ಕ ಇಟ್ಟೆವು. ಎರಡನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಹೊರಗೆ ಹೋಗಿ ಅಂಗಡಿಗೆ ಫೋನ್ ಹಚ್ಚಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದ.