ಹಾಡಿದ್ದು ಪ್ರಕಟವೋ ಅಲ್ಲವೋ?



ನನ್ನದೊಂದು ಕವಿತೆ ಹೊಳ್ಳಿ ಬಂದಿದೆ. ಚೆಂದಿಲ್ಲ ಅಂತ ಅಲ್ಲ. ‘ಈಗಾಗಲೇ ಪ್ರಕಟವಾಗಿದೆ’ ಅಂತ.

ಕವಿತೆ ನಮ್ಮವ್ವನದು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಸಿಂಧನೂರು ಕಡೆ ನೆಲ್ಲು ನಾಟಿ ಶುರು. ನಮ್ಮ ಮಸ್ಕಿಯ ಕೇರಿಯಿಂದ ನಸುಕಿಗೇ ಟಂಟಂ ಹತ್ತಿ ಹೋಗಿ, ಕತ್ತಲಾದ ಮೇಲೆ ಕೆಸರುಗಾಲಲ್ಲಿ ಇಳಿಯುತ್ತಿದ್ದವಳು ಆಕೆ. ದಿನವಿಡೀ ನೀರಲ್ಲಿ ನೆಂದು ಬೆಳ್ಳಗಾದ ಆ ಬೆರಳುಗಳ ಮೇಲೆ ಬರೆದೆ. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯಂದು ಸಿಂಧನೂರಿನಲ್ಲಿ ಹಲಗೆಯ ಜೊತೆ ಹಾಡಿದೆ. ಹುಡುಗನೊಬ್ಬ ಮೊಬೈಲಿನಲ್ಲಿ ತುಂಬಿಕೊಂಡ. ವಾರ ಕಳೆಯುವುದರೊಳಗೆ ಅದು ಲಿಂಗಸುಗೂರಿನಲ್ಲಿ, ನಾನು ಪಾಠ ಹೇಳುವ ಶಾಲೆಯ ಮಕ್ಕಳ ಬಾಯಲ್ಲಿತ್ತು.

ಆಮೇಲೆ ಅದನ್ನು ಒಂದು ಪತ್ರಿಕೆಯ ಸ್ಪರ್ಧೆಗೆ ಕಳಿಸಿದೆ. ‘ಹಿಂದೆ ಎಲ್ಲಿಯೂ ಪ್ರಕಟವಾಗಿರಬಾರದು’ ಎಂಬುದು ಅವರ ನಿಯಮ. ಅಲ್ಲಿ ಯಾರೋ ಹಾಡು ಕೇಳಿದ್ದರಂತೆ.

ಅವ್ವಗೆ ಹೇಳಿದೆ. “ಯಪ್ಪಾ, ಎಲ್ಲಾರೂ ಕೇಳ್ಯಾರಲ್ಲ. ಮತ್ತ ಹೊಳ್ಳಿ ಯಾಕ ಬಂತು?” ಅಂದಳು.

“ಎಲ್ಲಾರೂ ಕೇಳ್ಯಾರಂತನ ಹೊಳ್ಳಿ ಬಂತವ್ವಾ.”

ಆಕೆ ನಕ್ಕಳು. ನನಗೆ ನಗು ಬರಲಿಲ್ಲ. ಹಳೆಯದೊಂದು ಮಾತು ನೆನಪಾಗಿತ್ತು. ನಾನು ಚಿಕ್ಕವನಿದ್ದಾಗ ಟೇಪ್ ರೆಕಾರ್ಡರ್ ಹಿಡಿದು ಒಬ್ಬರು ಕೇರಿಗೆ ಬಂದಿದ್ದರು. ಹೆಣ್ಣುಮಕ್ಕಳನ್ನು ಕೂರಿಸಿ ಬೀಸೋ ಪದ, ಸೋಬಾನ ಪದ ಹಾಡಿಸಿಕೊಂಡರು. ಅವ್ವನೇ ಏಳೆಂಟು ಹಾಡಿದಳು. ಕಾಲೇಜಿಗೆ ಹೋದಾಗ ಗ್ರಂಥಾಲಯದಲ್ಲಿ ಆ ಪುಸ್ತಕ ಸಿಕ್ಕಿತು. ಪದಗಳಿದ್ದವು, ಅವ್ವನ ಹೆಸರಿರಲಿಲ್ಲ. ಇದುವರೆಗೆ ಅಪ್ರಕಟಿತವಾಗಿದ್ದ ಪದಗಳು ಎಂದು ಮುನ್ನುಡಿಯಲ್ಲಿತ್ತು.

ಅವ್ವ ಮೂವತ್ತು ವರ್ಷ ನೂರಾರು ಜನರ ನಡುವೆ ಹಾಡಿದ್ದು ಅಪ್ರಕಟಿತ. ಮಗ ಒಂದು ದಿನ ಹಾಡಿದ್ದು ಪ್ರಕಟಿತ. ತಗೊಳ್ಳಾಕ ಒಂದು ಸೇರು, ಕೊಡಾಕ ಒಂದು ಸೇರು!

ಸಂಪಾದಕರ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಪುಟಗಳು ಕಡಿಮೆ. ಒಂದೇ ಕವಿತೆಯನ್ನು ಹತ್ತು ಕಡೆ ಕಳಿಸುವವರೂ ನಮ್ಮಲ್ಲಿದ್ದಾರೆ. ಓದುಗರಿಗೆ ಹೊಸದನ್ನು ಕೊಡಬೇಕೆಂಬುದು ತಪ್ಪಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯೂ ಈಗಿರುವ ರೂಪದಲ್ಲಿ, ಪ್ರತಿ ತೆಗೆದು ಹಂಚುವುದನ್ನಷ್ಟೇ ಅಲ್ಲ, ಕೃತಿ ಜನರ ಕಣ್ಣಿಗೆ ಕಿವಿಗೆ ಸಿಗುವಂತೆ ಮಾಡುವುದನ್ನೂ ಪ್ರಕಟಣೆ ಎನ್ನುತ್ತದೆ. ಆದರೆ ಪ್ರಕಟವಾದ ಮಾತ್ರಕ್ಕೆ ಬರೆದವನ ಹಕ್ಕು ಹೋಗುವುದಿಲ್ಲ. ಹಕ್ಕಿಗೆ ನೋಂದಣಿಯೂ ಕಡ್ಡಾಯವಲ್ಲ. ಒಮ್ಮೆ ಪ್ರಕಟವಾದದ್ದನ್ನು ಮತ್ತೆ ಅಚ್ಚು ಹಾಕಬಾರದು ಎಂಬುದು ಕಾಯ್ದೆಯಲ್ಲ. ಅದು ಪತ್ರಿಕೆಗಳು ತಾವೇ ಹಾಕಿಕೊಂಡ ಬೇಲಿ.

“ಹಾಡೇ ಇಲ್ಲ ಅಂದುಬಿಡು ಮಾರಾಯ” ಎಂದು ಗೆಳೆಯನೊಬ್ಬ ಬುದ್ಧಿ ಹೇಳಿದ. ಅನ್ನಲಾರೆ. ಹಾಡಿಲ್ಲ ಎಂದರೆ ಸಿಂಧನೂರಿನಲ್ಲಿ ಕೂತು ಕೇಳಿದವರು ಜನರೇ ಅಲ್ಲ ಎಂದಂತೆ. ನಾಳೆ ಯಾರೋ ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಕೊಂಡರೆ ‘ನಂದು’ ಅನ್ನುವ ಬಾಯಿಯೂ ನನಗೆ ಉಳಿಯುವುದಿಲ್ಲ.

ನಮ್ಮಲ್ಲಿ ಹಾಡು ಮೊದಲು, ಅಚ್ಚು ಆಮೇಲೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಮೊಹರಂ ಬಂದರೆ ರಿವಾಯತ್ ಪದಗಳನ್ನು ಜನ ಕಾದು ನಿಂತು ಕೇಳುತ್ತಾರೆ. ಹೋದ ವರ್ಷ ಕೇಳಿದ್ದೇವೆ ಅಂತ ಯಾರೂ ಎದ್ದು ಹೋಗುವುದಿಲ್ಲ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಪುಸ್ತಕವಾಯಿತು. ಪುಸ್ತಕ ಮುಟ್ಟದವರೂ, ಅಕ್ಷರ ಬಾರದವರೂ ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಆ ಕವಿಯ ಹಾಡುಗಳನ್ನು ಹೇಳಿದರು. ಹಾಡಿದ್ದರಿಂದ ಪುಸ್ತಕಕ್ಕೇನೂ ಕುಂದು ಬರಲಿಲ್ಲ.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಮಸ್ಕಿ ದಾಟಿಯೇ ಹೋಗಬೇಕು. ಅಲ್ಲಿನ ಗುಡ್ಡದಲ್ಲಿ ಅಶೋಕನ ಶಾಸನವಿದೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಕಣ್ಣಿಗೆ ಬಿದ್ದದ್ದು. ಅದೇ ಮಾತನ್ನು ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಕೊರೆಸಿದ್ದಾರೆ; ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಕೊರೆಸಿದ್ದಾರೆ. ‘ಆಗಲೇ ಒಂದು ಬಂಡೆಯ ಮೇಲೆ ಬಂದಿದೆ’ ಎಂದು ಯಾವ ಬಂಡೆಯೂ ಅದನ್ನು ಹಿಂದಕ್ಕೆ ಕಳಿಸಲಿಲ್ಲ. ಆ ಮಾತಿನ ಸಾರವಾದರೂ ಏನು? ಧರ್ಮದ ಫಲ ದೊಡ್ಡವರಿಗಷ್ಟೇ ಎಂದು ತಿಳಿಯಬಾರದು, ಸಣ್ಣವನಿಗೂ ಅದು ಎಟುಕುತ್ತದೆ, ಇದನ್ನು ಇಬ್ಬರಿಗೂ ಹೇಳಬೇಕು ಎಂಬುದು. ಇಬ್ಬರಿಗೂ ಮುಟ್ಟಬೇಕಾದರೆ ಹತ್ತು ಕಡೆ ಹೇಳಲೇಬೇಕು.

ಆದ್ದರಿಂದ ಸಣ್ಣ ಪತ್ರಿಕೆಗಳನ್ನು ನಡೆಸುವ ಗೆಳೆಯರಲ್ಲಿ ನನ್ನ ಕೇಳಿಕೆ ಇಷ್ಟೇ. ಇನ್ನೊಂದು ಪತ್ರಿಕೆಯಲ್ಲಿ ಅಚ್ಚಾದದ್ದು ಬೇಡ ಅನ್ನಿ, ಒಪ್ಪೋಣ. ಕೇರಿಯಲ್ಲಿ ಹಾಡಿದ್ದು, ಮೊಬೈಲಿನಿಂದ ಮೊಬೈಲಿಗೆ ಹೋದದ್ದು ಬೇಡ ಅನ್ನಬೇಡಿ. ಮೊದಲು ಎಲ್ಲಿ ಕೇಳಿಸಿತು, ಯಾರ ಬಾಯಲ್ಲಿ ಕೇಳಿಸಿತು ಎಂದು ಕೆಳಗೊಂದು ಸಾಲು ಹಾಕಿ.

ಅವ್ವನ ಪದಗಳನ್ನು ಈಗ ನಾನು ಬರೆದುಕೊಳ್ಳುತ್ತಿದ್ದೇನೆ, ಆಕೆಯ ಹೆಸರಿನಲ್ಲೇ. ಹೊಳ್ಳಿ ಬಂದ ಕವಿತೆಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ‘ಮೊದಲು ಹಾಡಿದ್ದು ಸಿಂಧನೂರಿನಲ್ಲಿ, ಅಂಬೇಡ್ಕರ್ ಜಯಂತಿಯ ದಿನ’ ಎಂದು ಅಡಿಯಲ್ಲಿ ಬರೆದಿದ್ದೇನೆ. ಕವಿತೆ ಹಾಕುವುದು ಬಿಡುವುದು ನಿಮಗೆ ಸೇರಿದ್ದು. ಹಾಕಿದರೆ ಆ ಸಾಲು ತೆಗೆಯಬೇಡಿ.