ನಾಲ್ಕು ಮತ, ಮೂರು ಮರಿ

ನೌಬಾದದ ನಮ್ಮ ಬಾಡಿಗೆ ರೂಮಿನಲ್ಲಿ ನಾವು ನಾಲ್ವರು. ಒಬ್ಬ ಔರಾದನವ, ಒಬ್ಬ ಭಾಲ್ಕಿಯವ, ಒಬ್ಬ ಹುಮನಾಬಾದಿನವ, ಇನ್ನೊಬ್ಬ ಗಡಿ ಆಚೆ ಜಹೀರಾಬಾದ ಕಡೆಯವ. ಕ್ಲಾಸಿನಲ್ಲೂ ನಮ್ಮನ್ನು ಊರ ಹೆಸರಿನಿಂದಲೇ ಕರೀತಾರೆ, ಇಲ್ಲೂ ಅದೇ ಇರಲಿ. 2024ರದ್ದು ನಮ್ಮೆಲ್ಲರಿಗೂ ಮೊದಲ ಲೋಕಸಭೆ ಚುನಾವಣೆ.

ಬೀದರ್ ಕ್ಷೇತ್ರದ ಜಗಳ ಅಂದ್ರೆ ನಮ್ಮ ರೂಮಿನ ಜಗಳವೇ ಆಗಿತ್ತು. ಕಮಲದಿಂದ ನಿಂತ ಭಗವಂತ ಖೂಬಾ ಔರಾದನವರು, 2014ರಿಂದ ಸಂಸದರು, ಕೇಂದ್ರದಲ್ಲಿ ರಾಜ್ಯ ಸಚಿವರು. ಕೈಯಿಂದ ನಿಂತ ಸಾಗರ್ ಖಂಡ್ರೆ ಭಾಲ್ಕಿಯವರು, ವಯಸ್ಸು 26. 2019ರಲ್ಲಿ ಇದೇ ಖೂಬಾ ಅವರ ಎದುರು ಸೋತವರು ಸಾಗರ್ ಅವರ ತಂದೆ ಈಶ್ವರ ಖಂಡ್ರೆ. ಹಿಂಗಾಗಿ ನಮ್ಮ ಔರಾದನವ ಮತ್ತು ಭಾಲ್ಕಿಯವ ಒಂದೇ ಕುಕ್ಕರಿನ ಅನ್ನ ಉಣ್ಣುತ್ತಾ ಎರಡು ಪ್ರಚಾರ ಕಚೇರಿ ನಡೆಸಿದರು. ಹುಮನಾಬಾದಿನವನಿಗೆ ಯಾರೂ ಬ್ಯಾಡ. ಜಹೀರಾಬಾದದವ, "ನಂದು ಬ್ಯಾರೆ ರಾಜ್ಯ, ನನಗ್ ಕೇಳಬ್ಯಾಡ್ರಿ" ಅಂತ ಇಯರ್‌ಫೋನ್ ಹಾಕ್ಕೊಂಡು ಕೂತುಬಿಡುತ್ತಿದ್ದ.

ಏಪ್ರಿಲ್ 26, ಶುಕ್ರವಾರ. ದಕ್ಷಿಣ ಕರ್ನಾಟಕದಲ್ಲಿ ಮತದಾನ ನಡೆದಿತ್ತು. ಮಾಲಕರ ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ಮರಿ ಹಾಕಿದ್ದ ಬೆಕ್ಕು ಅವತ್ತು ಬೆಳಿಗ್ಗೆ ರಸ್ತೆಯಲ್ಲಿ ಯಾವುದೋ ಗಾಡಿಗೆ ಸಿಕ್ಕಿ ಸತ್ತಿತ್ತು. ಮೂರು ಮರಿಗಳು, ಕಣ್ಣು ಆಗಷ್ಟೇ ತೆರೆದಿದ್ದವು. ಮಾಲಕರ ತಾಯಿ, ನಾವು ಆಯಿ ಅಂತೀವಿ, ಅವುಗಳನ್ನು ಸೆರಗಿನಲ್ಲಿ ಹಾಕ್ಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಂತರು. "ತಮ್ಮಾ, ನೀವು ಹ್ಯಾಂಗೂ ರಾತ್ರಿಯೆಲ್ಲಾ ಎಚ್ಚರ ಇರ್ತೀರಿ, ಇವಕ್ಕ ಹಾಲ್ ಕುಡಸ್ರಿ." ನಾವು ಸಾಕಲು ಒಪ್ಪಲಿಲ್ಲ. ದೊಡ್ಡವಾಗೋ ತನಕ ನೋಡ್ಕೊಂಡು ಯಾರಿಗಾದರೂ ಕೊಡ್ತೀವಿ ಅಂದೆವು. ಇದಕ್ಕೆ ಫಾಸ್ಟರ್ ಮಾಡೋದು ಅಂತಾರಂತ ಆಮೇಲೆ ಯೂಟ್ಯೂಬ್ ಹೇಳಿತು.

ಪಶು ವೈದ್ಯಕೀಯ ವಿಶ್ವವಿದ್ಯಾಲಯ ಇರೋ ಊರಿನಲ್ಲಿ ಇರುವುದರ ಲಾಭ ನಮಗೆ ಆಗ ತಿಳೀತು. ನಂದಿನಗರದಲ್ಲಿ ಪಶು ವೈದ್ಯಕೀಯ ಓದೋ ಸೀನಿಯರ್ ಅಕ್ಕ ಒಬ್ಬರು ಫೋನಿನಲ್ಲೇ ನಮಗೆ ಒಂದು ಸೆಮಿಸ್ಟರಿನ ಪಾಠ ಮಾಡಿದರು. ಆಕಳ ಹಾಲು ಕುಡಿಸಬಾರದು, ಹೊಟ್ಟೆ ಕೆಡುತ್ತದೆ. ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಬಾರದು, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಮೇಲೆ ಮಲಗಿಸಿಯೇ ಕುಡಿಸಬೇಕು. ಮೈ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು. ಇಷ್ಟು ಸಣ್ಣವು ತಾವಾಗಿ ಉಚ್ಚೆ ಹೊಯ್ಯೋದಿಲ್ಲ, ತಾಯಿ ನೆಕ್ಕಬೇಕು. ತಾಯಿ ಇಲ್ಲದಿದ್ದರೆ ಹಸಿ ಹತ್ತಿಯಿಂದ ಒರೆಸಬೇಕು. ಇದು ಯಾರ ಪಾಳಿ ಅನ್ನೋದೇ ಮೊದಲ ವಾರದ ದೊಡ್ಡ ರಾಜಕೀಯ. ಮರಿಗಳ ಹಾಲಿನ ಪುಡಿ ಹೈದರಾಬಾದಿನಿಂದ ಬರೋ ತನಕ ಓಣಿಯ ಮನೆಯೊಂದರ ಆಡಿನ ಹಾಲಿಗೆ ನೀರು ಬೆರೆಸಿ, ಸೂಜಿ ತೆಗೆದ ಸಿರಿಂಜಿನಲ್ಲಿ ಹನಿ ಹನಿಯಾಗಿ ಕುಡಿಸಿದೆವು.

ಹೆಸರಿಡೋದು ತಡ ಆಗಲಿಲ್ಲ. ಯಾವ ಸಿರಿಂಜ್ ತಂದರೂ ಮುಖ ತಿರುಗಿಸುತ್ತಿದ್ದ ಬಿಳಿ ಮರಿ ನೋಟಾ. ಉಳಿದೆರಡರ ಜತೆ ಮಲಗದೆ ಡಬ್ಬಿಯ ಮೂಲೆ ಹಿಡಿಯುತ್ತಿದ್ದ ಕೇಸರಿ ಪಟ್ಟೆಯದು ಪಕ್ಷೇತರ. ಎಲ್ಲಕ್ಕಿಂತ ಸಣ್ಣದು, ಕಿರಾಣಿ ಅಂಗಡಿ ತಕ್ಕಡಿಯಲ್ಲಿ 150 ಗ್ರಾಂ ತೂಗಿದ ಕರಿ ಮರಿ, ಠೇವಣಿ. ಲೋಕಸಭೆಗೆ ಸಾಮಾನ್ಯ ಅಭ್ಯರ್ಥಿ 25,000 ರೂಪಾಯಿ ಠೇವಣಿ ಇಡಬೇಕು, ಆರರಲ್ಲಿ ಒಂದು ಪಾಲು ಮತ ದಾಟದಿದ್ದರೆ ಅದು ಹೋಯಿತು. ನಮ್ಮ ಠೇವಣಿ ಉಳಿದರೆ ಸಾಕು ಅಂತ ಎಲ್ಲರೂ ಅಂದುಕೊಂಡಿದ್ದೆವು.

ತೂಕ, ಹಾಲಿನ ಅಳತೆ, ಸಮಯ ಬರೆಯಲು ಒಂದು ನೋಟ್‌ಬುಕ್ ಇಟ್ಟೆವು. ಅದರಲ್ಲೊಂದು ಸಾಲು ಇದೆ: "ಇವತ್ತು ವಿಮಾನಕ್ಕೆ ಹೆದರಿದವು." ಬೀದರ್ ವಾಯುನೆಲೆಯ ಹಾಕ್ ವಿಮಾನಗಳು ತಲೆ ಮೇಲೆ ಹೋದಾಗ ಮೊದಲೆರಡು ದಿನ ಮರಿಗಳು ಅಲುಗಾಡಿರಲಿಲ್ಲ. ಮೂರನೇ ದಿನ ಮೂರೂ ಒಂದರ ಕೆಳಗೊಂದು ನುಗ್ಗಿದವು. ಕಿವಿ ತೆರೆದಿವೆ ಅಂತ ನಮಗೆ ತಿಳಿಸಿದ್ದು ವಾಯುಪಡೆ.

ಅದೇ ವಾರ ಆಯಿ ಮನೆಯಲ್ಲೇ ಮತ ಹಾಕಿದರು. 85 ದಾಟಿದವರಿಗೆ, 12ಡಿ ಫಾರ್ಮ್ ತುಂಬಿ ಕೊಟ್ಟಿದ್ದರೆ, ಸಿಬ್ಬಂದಿಯೇ ಮನೆಗೆ ಬಂದು ಮತಪತ್ರದಲ್ಲಿ ಮತ ಹಾಕಿಸ್ಕೊಂಡು ಹೋಗುತ್ತಾರೆ. ವಿಡಿಯೋ ಮಾಡುವವ, ಪೊಲೀಸ್, ರಟ್ಟಿನ ಮರೆ, ಎಲ್ಲಾ ನಮ್ಮ ಪಡಸಾಲೆಗೆ ಬಂತು. ಗುಪ್ತ ಮತದಾನ ಅಂತ ನಮ್ಮನ್ನು ಹೊರಗೆ ಕಳಿಸಿದರು. ಒಳಗಿಂದ ನೋಟಾ ಒಂದೇ ಸಮ ಕೂಗುತ್ತಿತ್ತು. ಯಾರಿಗೆ ಹಾಕಿದ್ರಿ ಆಯಿ ಅಂದರೆ, "ನಿಮಗ್ಯಾಕ? ಹಾಲ್ ಕುಡಸ್ರಿ ಹೋಗ್ರಿ."

ಮೇ 7ಕ್ಕೆ ನಮ್ಮ ಮತದಾನ. ಮತ ಇರೋದು ಅವರವರ ಊರಿನ ಬೂತಿನಲ್ಲಿ, ಮರಿಗಳಿಗೆ ನಾಲ್ಕು ತಾಸಿಗೊಮ್ಮೆ ಹಾಲು ಬೇಕು. ಜಹೀರಾಬಾದಿನಲ್ಲಿ ಮಾತ್ರ ಮತದಾನ 13ಕ್ಕೆ ಇತ್ತು. ಮೂವರು ಬೆಳಗಿನ ಬಸ್ಸುಗಳಿಗೆ ಹೋದೆವು, ಅವನೊಬ್ಬ ಉಳಿದ. ಮುಂದಿನ ಸೋಮವಾರ ಅವನು ಹೋದ, ಮೂವರು ಉಳಿದೆವು. ದೇಶಕ್ಕೆ ಏಳು ಹಂತದ ಚುನಾವಣೆ ಬೇಕಿತ್ತೋ ಇಲ್ಲೋ, ನಮ್ಮ ಮರಿಗಳಿಗಂತೂ ಬೇಕಿತ್ತು. ಸಂಜೆ ವಾಪಸ್ ಬಂದಾಗ ಠೇವಣಿ 270 ಗ್ರಾಂ ಇತ್ತು. ಮೈಸೂರಿನ ಕಾರ್ಖಾನೆಯ ಶಾಯಿ ಹಚ್ಚಿದ ಬೆರಳುಗಳನ್ನು ಮೂಸಿ ನೋಡಿ ಸೀನಿತು.

ಆಮೇಲೆ ಸುಮಾರು ಒಂದು ತಿಂಗಳ ಕಾಯುವಿಕೆ. ಜೂನ್ 1ರ ಸಂಜೆ ಎಕ್ಸಿಟ್ ಪೋಲ್ ಬಂತು. ಎಲ್ಲಾ ಚಾನೆಲ್ಲಿನಲ್ಲೂ ಎನ್‌ಡಿಎಗೆ 350, 370, ಒಂದೆರಡರಲ್ಲಿ 400ರ ಹತ್ತಿರ. ಔರಾದನವ ಕುಣಿದ. ಭಾಲ್ಕಿಯವ ಟಿವಿಯವರನ್ನು ಬೈದ. ಮಾತು ಪಕ್ಷ ಬಿಟ್ಟು ಜಾತಿಗೆ ಬಂತು, ಜಾತಿ ಬಿಟ್ಟು ಅಪ್ಪಂದಿರಿಗೆ ಬಂತು. ಏನಂದರು ಅಂತ ಇಲ್ಲಿ ಬರೆಯುವುದಿಲ್ಲ. ಮೂರು ವರ್ಷ ಒಂದೇ ರೂಮಿನಲ್ಲಿದ್ದವರು ಅಂಥಾ ಮಾತು ಎಲ್ಲಿ ಇಟ್ಟುಕೊಂಡಿದ್ದರೋ ಅಂತ ಉಳಿದವರಿಗೆ ಅನಿಸಿತು. ಅವತ್ತು ರಾತ್ರಿ ಭಾಲ್ಕಿಯವ ಚಾಪೆ ಎತ್ತಿಕೊಂಡು ಮಾಳಿಗೆಗೆ ಹೋದ. ತಿಂಗಳ ಕೊನೆಗೆ ಬೇರೆ ರೂಮು ನೋಡ್ತೀನಿ ಅಂತ ಹುಮನಾಬಾದಿನವನಿಗೆ ಹೇಳಿದ.

ಮಾತು ನಿಂತರೂ ಪಾಳಿ ನಿಲ್ಲಲಿಲ್ಲ. ಜೂನ್ 3ರ ಪುಟದಲ್ಲಿ ಔರಾದನವನ ಕೈಬರಹ: "ಠೇವಣಿ ತಿಂದಿಲ್ಲ. ನೀರಾಗಿ ಭೇದಿ. ಎರಡು ಸಲ." ಅದರ ಕೆಳಗೆ ಭಾಲ್ಕಿಯವನದು: "ನಾಲ್ಕು ಸಲ. ಚರ್ಮ ಎಳೆದ್ರ ವಾಪಸ್ ಹೋಗ್ಲತ್ತಿಲ್ಲ." ಅದರ ಕೆಳಗೆ ಮತ್ತೆ ಔರಾದ: "ಅಕ್ಕನಿಗೆ ಫೋನ್ ಮಾಡಿದೆ. ಮುಂಜಾನೆ ತರ್ರಿ ಅಂದ್ರು. ಗಾಡಿ ನಾ ಹೊಡೀತೀನಿ, ಡಬ್ಬಿ ನೀ ಹಿಡಿ."

ಹೀಗೆ, ಇಡೀ ದೇಶ ಟಿವಿ ಮುಂದೆ ಕೂತಿದ್ದ ಜೂನ್ 4ರ ಬೆಳಿಗ್ಗೆ ಇಬ್ಬರೂ ಒಂದೇ ಬೈಕಿನಲ್ಲಿ ಪಶು ಆಸ್ಪತ್ರೆಗೆ ಹೋದರು. ಠೇವಣಿಯ ಹೆಗಲ ಚರ್ಮದಡಿ ಸಲೈನ್ ಹಾಕಿದರು. ಹುಳದ ತೊಂದರೆ ಅಂದರು. ಎರಡು ತಾಸು ನೋಡೋಣ, ಏನೂ ಹೇಳಕ್ಕಾಗಲ್ಲ ಅಂದರು. ಇಬ್ಬರ ಮಧ್ಯೆ ಚಾರ್ಜ್ ಇದ್ದ ಫೋನ್ ಒಂದೇ. ಬೆಂಚಿನ ಮೇಲೆ ಕೂತು ಅದೇ ಫೋನಿನಲ್ಲಿ ಎಣಿಕೆ ನೋಡಿದರು. ರೂಮಿನಲ್ಲಿದ್ದ ನಮ್ಮಿಬ್ಬರಿಗೆ ಆ ಫೋನಿನಿಂದ ಬರುತ್ತಿದ್ದ ಮೆಸೇಜುಗಳಲ್ಲಿ ಯಾವುದು ದೆಹಲಿಯದು, ಯಾವುದು ಬೆಕ್ಕಿನದು ಅಂತ ತಿಳಿಯೋದೇ ಕಷ್ಟವಾಯಿತು. "ಇನ್ನೂ ಏಳ್ಲತ್ತಿಲ್ಲ." "ಉತ್ತರ ಪ್ರದೇಶದಾಗ ಹಿಂದ ಬಿದ್ದಾರ." "ಕಣ್ಣ್ ಬಿಟ್ಟಳು."

ಸಂಜೆ ಹೊತ್ತಿಗೆ ಚಿತ್ರ ಸ್ಪಷ್ಟವಾಯಿತು. ಬಹುಮತಕ್ಕೆ 272 ಬೇಕು. 2019ರಲ್ಲಿ 303 ಗೆದ್ದಿದ್ದ ಬಿಜೆಪಿ 240ಕ್ಕೆ ನಿಂತಿತು, ಎನ್‌ಡಿಎ 293, ಕಾಂಗ್ರೆಸ್ 99. ರಾಜ್ಯದಲ್ಲಿ ಬಿಜೆಪಿ 17, ಜೆಡಿಎಸ್ 2, ಕಾಂಗ್ರೆಸ್ 9. ಆ ಒಂಬತ್ತರಲ್ಲಿ ಐದು ನಮ್ಮ ಕಲ್ಯಾಣ ಕರ್ನಾಟಕದವೇ: ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ. ಬೀದರಿನಲ್ಲಿ ಸಾಗರ್ ಖಂಡ್ರೆ 1.28 ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಔರಾದನವನ ಸರ್ಕಾರ ಬಂತು, ಎಂಪಿ ಹೋದರು. ಭಾಲ್ಕಿಯವನ ಎಂಪಿ ಬಂದರು, ಸರ್ಕಾರ ಬರಲಿಲ್ಲ. ಇಬ್ಬರಿಗೂ ಪೂರ್ತಿ ಕುಣಿಯೋಕೂ ಆಗಲಿಲ್ಲ, ಪೂರ್ತಿ ಅಳೋಕೂ ಆಗಲಿಲ್ಲ. ನಮ್ಮ ಪ್ರಕಾರ ಈ ಫಲಿತಾಂಶದ ಅತ್ಯಂತ ಒಳ್ಳೆ ಅಂಶ ಇದೇ, ಆದರೆ ಅವರಿಬ್ಬರ ಮುಂದೆ ಹಿಂಗಂದರೆ ಬೈತಾರೆ. ಹುಮನಾಬಾದಿನವ, "26ಕ್ಕೆ ಎಂಪಿ! ನನ್ನ ಬ್ಯಾಕ್‌ಲಾಗ್ ಮುಗಿಯೋದಾ ಆಗ" ಅಂದ. ಅಪ್ಪ ಸಚಿವ, ಅಜ್ಜನೂ ಸಚಿವರಾಗಿದ್ದವರು ಅನ್ನೋದನ್ನು ಔರಾದನವ ನೆನಪಿಸಿದ. ಯಾರೂ ಅದಕ್ಕೆ ಜಗಳ ತೆಗೆಯಲಿಲ್ಲ. ಯಾರು ಗೆದ್ದರೂ ಕೆಲಸ ಹುಡುಕಲು ನಾವು ಹೈದರಾಬಾದಿಗೋ ಪುಣೆಗೋ ಹೋಗೋದು ಅಂತೂ ತಪ್ಪೋದಿಲ್ಲ.

ಅದೇ ಸಂಜೆ ಯಾರೂ ಎಣಿಸದ ಹೊತ್ತಿಗೆ ನೀಟ್ ಫಲಿತಾಂಶವೂ ಬಂತು. 67 ಮಂದಿಗೆ 720ಕ್ಕೆ 720. ಕೆಳಗೆ ಮಾಲಕರ ಮೊಮ್ಮಗಳು ತನ್ನ ರ‍್ಯಾಂಕ್ ನೋಡಿ ಅಳುತ್ತಿದ್ದಳು. ಆ ಮನೆಯಲ್ಲಿ ಅವತ್ತು 272ಕ್ಕೆ ಬೆಲೆ ಇರಲಿಲ್ಲ. ಆಯಿ ಮೇಲೆ ಬಂದು ನೋಟಾನನ್ನು ಎತ್ತಿಕೊಂಡು ಹೋಗಿ ಅವಳ ತೊಡೆ ಮೇಲೆ ಬಿಟ್ಟರು. ಅದು ಅಲ್ಲೇ ಉಳಿಯಿತು.

ಠೇವಣಿ ಮೂರು ದಿನ ಏನೂ ತಿನ್ನಲಿಲ್ಲ. ನಾಲ್ಕನೇ ದಿನ ಬೇಯಿಸಿದ ಕೋಳಿ ಎಳೆಯೊಂದನ್ನು ಔರಾದನವನ ಕೈಯಿಂದ ಕಿತ್ತುಕೊಂಡು ಮಂಚದ ಕೆಳಗೆ ಓಡಿತು. ಅವನು ನೋಟ್‌ಬುಕ್ಕಿನಲ್ಲಿ ಬರೆದ: "ಠೇವಣಿ ಉಳೀತು." ಜಹೀರಾಬಾದದವ ಅವಳನ್ನು ಯಾರಿಗೂ ಕೊಡೋದಿಲ್ಲ ಅಂತ ಕೂತಿದ್ದಾನೆ.

ರೂಮು ಬಿಡೋ ಮಾತು ಭಾಲ್ಕಿಯವ ಮತ್ತೆ ತೆಗೆದಿಲ್ಲ, ನಾವೂ ಕೇಳಿಲ್ಲ. ಅವತ್ತಿನ ಮಾತುಗಳಿಗೆ ಇಬ್ಬರೂ ಸಾರಿ ಅಂದದ್ದೂ ನಮಗೆ ಗೊತ್ತಿಲ್ಲ. ಜೂನ್ 16ರ ಭಾನುವಾರ ಪಕ್ಷೇತರನನ್ನು ಭಾಲ್ಕಿಯವನ ತಂಗಿ ಕೇಳಿದ್ದಳು ಅಂತ ಇಬ್ಬರೂ ಕೂಡಿ ಬಸ್ಸಿನಲ್ಲಿ ಒಯ್ದರು. ಕಂಡಕ್ಟರ್ ಟಿಕೆಟ್ ಹರಿಯುತ್ತಾ ಬಂದು, ತೂತು ಮಾಡಿದ ಡಬ್ಬಿ ನೋಡಿ, ಒಳಗೇನದ ಅಂತ ಕೇಳಿದನಂತೆ.

"ಪಕ್ಷೇತರ ಅದಾನ್ರಿ," ಅಂದನಂತೆ ಔರಾದನವ. "ಭಾಲ್ಕಿಗೆ ಹೊಂಟಾನ."