ಅಪ್ಪನ ಪ್ಲೇಯರ್ ಹುಟ್ಟಿದ ಊರು

ಲಂಡನ್‌ಗೆ ಬಂದ ಅಪ್ಪನಿಗೆ ಬಿಗ್ ಬೆನ್, ಅರಮನೆ ಎಲ್ಲ ತೋರಿಸಿ ಆಯ್ತು. ‘ಇನ್ನೇನು ನೋಡ್ಬೇಕು ಹೇಳಿ’ ಅಂದೆ. ‘ಸ್ವಿಂಡನ್’ ಅಂದ್ರು. ಆಫೀಸಿನಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ಅಲ್ಲಿಗೆ ಯಾರಾದರೂ ಟೂರ್ ಹೋಗ್ತಾರಾ?

ಅಪ್ಪನಿಗೆ ಕಾರಣವಿತ್ತು. ಮೈಸೂರಿನ ಮನೆಯ ರೇಡಿಯೋಗ್ರಾಮ್‌ನ ಮುಚ್ಚಳ ಎತ್ತಿದರೆ ಒಳಗಿರುವುದು ಗ್ಯಾರಾರ್ಡ್ ರೆಕಾರ್ಡ್ ಚೇಂಜರ್. ಅದರ ಪಟ್ಟಿಯ ಮೇಲೆ ‘ಸ್ವಿಂಡನ್, ಇಂಗ್ಲೆಂಡ್’ ಅಂತಿದೆ. ಕಾಳಿಂಗರಾಯರ ಹಾಡು ಅಮ್ಮ ಕೇಳುತ್ತಿದ್ದದ್ದು ಅದರಲ್ಲೇ. ಅಮ್ಮ ಹೋದ ಮೇಲೆ ಒಮ್ಮೆ ಹಾಕಿದರೆ ಹಾಡಿನ ಹಿಂದೆ ‘ಧಡ್ ಧಡ್’ ಸದ್ದು. ‘ಹೊಸ ಫ್ಲ್ಯಾಟ್‌ಗೆ ಅದೆಲ್ಲ ಯಾಕೆ? ಗುಜರಿಗೆ ಕೊಟ್ಟುಬಿಡಿ’ ಅಂತ ಫೋನಿನಲ್ಲಿ ಹೇಳಿದ್ದವಳು ನಾನೇ.

ಪ್ಯಾಡಿಂಗ್ಟನ್‌ನಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ. ಸ್ವಿಂಡನ್ ರೈಲ್ವೆ ವರ್ಕ್‌ಶಾಪಿನಿಂದ ಬೆಳೆದ ಊರು. ಅದರ ಹಳೆಯ ಕಟ್ಟಡದಲ್ಲಿ ಈಗ ‘ಸ್ಟೀಮ್’ ಮ್ಯೂಸಿಯಂ ಇದೆ. ಗ್ಯಾರಾರ್ಡ್ ಕಥೆ ಇನ್ನೂ ಸ್ವಾರಸ್ಯ. ರಾಜಮನೆತನದ ಆಭರಣ ತಯಾರಕರು 1915ರಲ್ಲಿ, ಯುದ್ಧಕಾಲದಲ್ಲಿ, ಫಿರಂಗಿ ದಳಕ್ಕೆ ದೂರ ಅಳೆಯುವ ಉಪಕರಣ ಮಾಡಲು ಶುರು ಮಾಡಿದ ಕಂಪನಿ ಅದು. ಯುದ್ಧ ಮುಗಿದ ಮೇಲೆ 1919ರಲ್ಲಿ ಇಲ್ಲಿಗೆ ಬಂತು. ಮೊದಲು ಗ್ರಾಮೋಫೋನ್ ಮೋಟಾರು, ಆಮೇಲೆ ಪ್ಲೇಯರ್. ಅವರ ‘301’ ಮಾಡೆಲ್ ಬಿಬಿಸಿಯಲ್ಲೂ ಓಡಿತ್ತು. 1979ರಲ್ಲಿ ಕಂಪನಿ ಬ್ರೆಜಿಲ್‌ನವರ ಪಾಲಾಯ್ತು. ಈಗ ಊರಿನಲ್ಲಿ ಅವರ ಕಾರ್ಖಾನೆ ಇಲ್ಲ.

ನನಗೆ ಬೇಜಾರಾಯ್ತು. ಐಟಿಐನಲ್ಲಿ ಮೇಷ್ಟ್ರಾಗಿದ್ದ ಅಪ್ಪ ಮಾತ್ರ ಖುಷಿಯಾಗಿ ಇನ್ನೊಂದು ಜಾಗ ನೋಡಬೇಕೆಂದರು: 1972ರ ‘ಮ್ಯಾಜಿಕ್ ರೌಂಡಬೌಟ್’. ಐದು ಪುಟ್ಟ ವೃತ್ತಗಳು ಸೇರಿ ನಡುವೆ ಒಂದು ದೊಡ್ಡ ವೃತ್ತ. ಸಣ್ಣವುಗಳ ಸುತ್ತ ವಾಹನಗಳು ಒಂದು ದಿಕ್ಕಿಗೆ, ದೊಡ್ಡದರ ಸುತ್ತ ಅದಕ್ಕೆ ಉಲ್ಟಾ. ಒಂದು ಪಕ್ಕದಲ್ಲಿ ಕೂತು ಅಪ್ಪ ಪಾಠ ಶುರು ಮಾಡಿದರು.

‘ನಮ್ಮ ಪ್ಲೇಯರ್‌ದು ಐಡ್ಲರ್ ಡ್ರೈವ್. ಸೈಕಲ್ ಡೈನಮೋ ಟೈರಿಗೆ ಒತ್ತಿಕೊಂಡಿರುತ್ತಲ್ಲ, ಹಾಗೆ. ಮೋಟಾರಿನ ದಂಡಕ್ಕೂ ತಟ್ಟೆಯ ಒಳಅಂಚಿಗೂ ನಡುವೆ ಒಂದು ರಬ್ಬರ್ ಚಕ್ರ. ಗುಂಡಿ ಒತ್ತಿದ ತಕ್ಷಣ ಎಳ್ಕೊಂಡು ಹೋಗುತ್ತೆ. ಆದ್ರೆ ಮೋಟಾರಿನ ನಡುಕವೂ ಅದೇ ದಾರೀಲಿ ಬರುತ್ತೆ.’

ಬೆಲ್ಟ್ ಡ್ರೈವ್ ಅಂದರೆ ಹಿಟ್ಟಿನ ಗಿರಣಿ. ಮೋಟಾರು ದೂರ, ನಡುವೆ ರಬ್ಬರ್ ಬೆಲ್ಟ್. ನಡುಕವನ್ನು ಬೆಲ್ಟೇ ನುಂಗುತ್ತದೆ. ಗ್ಲಾಸ್ಗೋದ ಲಿನ್ ಸೋಂಡೆಕ್ ಈ ದಾರಿಯಲ್ಲೇ ಹೆಸರು ಮಾಡಿತು. ಆದರೆ ಬೆಲ್ಟ್ ಸಡಿಲವಾದರೆ ವೇಗ ತಪ್ಪಿ ರಾಗ ಇಳಿಯುತ್ತದೆ.

ಮೂರನೆಯದು ಡೈರೆಕ್ಟ್ ಡ್ರೈವ್, ನಮ್ಮ ಸೀಲಿಂಗ್ ಫ್ಯಾನ್ ಥರ. ತಟ್ಟೆಯ ಅಚ್ಚೇ ಮೋಟಾರಿನ ಅಚ್ಚು. ನಡುವೆ ಚಕ್ರವಿಲ್ಲ, ಬೆಲ್ಟಿಲ್ಲ. ಜಪಾನಿನ ಟೆಕ್ನಿಕ್ಸ್ 1970ರಲ್ಲಿ ಎಸ್‌ಪಿ-10 ತಂದಿತು, 1972ರಲ್ಲಿ ಎಸ್‌ಎಲ್-1200. ಡಿಜೆಗಳ ಕೈಯಲ್ಲಿ ನೀವು ನೋಡಿರೋದು ಅದೇ ವಂಶ. ವೇಗ ಅಲ್ಲಾಡುವುದಿಲ್ಲ, ಆದರೆ ಕಾಯುವುದು ಎಲೆಕ್ಟ್ರಾನಿಕ್ಸ್. ಅದು ಕೆಟ್ಟರೆ ಮನೆಯ ಸ್ಕ್ರೂಡ್ರೈವರ್ ಸಾಲದು.

‘ಹಾಗಾದ್ರೆ ಯಾವುದು ಬೆಸ್ಟ್?’

‘ತಿರುಗಿಸೋದು ಹೇಗಾದ್ರೂ ಆಗ್ಲಿ, ತಿರುಗೋದು ಬೇರಿಂಗ್ ಮೇಲೆ ತಾನೆ?’ ಅಂದ್ರು ಅಪ್ಪ. ಮುಳ್ಳು ಓದುವುದು ಕೂದಲಿಗಿಂತ ಸಣ್ಣ ಅಲುಗಾಟವನ್ನು. ಬೇರಿಂಗ್ ಸವೆದಿದ್ದರೆ ಅದರ ಗೊರಗೊರವನ್ನೂ ಹಾಡಿನ ಜೊತೆ ಓದಿಬಿಡುತ್ತದೆ. ಸಾಮಾನ್ಯ ವಿನ್ಯಾಸದಲ್ಲಿ ತಟ್ಟೆಯ ಉಕ್ಕಿನ ದಂಡ ಬುಷ್‌ನೊಳಗೆ ಇಳಿದು, ತಳದಲ್ಲಿ ಒಂದು ಗುಂಡಿನ ಮೇಲೋ ಚೂಪಾದ ತುದಿಯ ಮೇಲೋ ನಿಲ್ಲುತ್ತದೆ. ಎಣ್ಣೆ ತಳದಲ್ಲೇ ಇರುತ್ತದೆ. ಉಲ್ಟಾ ಬೇರಿಂಗ್‌ನಲ್ಲಿ ದಂಡ ಕೆಳಗೆ ಸ್ಥಿರ. ಕುಂಬಾರನ ತಿಗರಿಯಂತೆ ತಟ್ಟೆ ಅದರ ತುದಿಯ ಮೇಲೆ ಕೂರುತ್ತದೆ. ಭಾರ ಆಧಾರದ ಹತ್ತಿರವೇ ಇರುವುದರಿಂದ ತೂಗಾಟ ಕಡಿಮೆ. ಆದರೆ ಎಣ್ಣೆ ಕೆಳಕ್ಕೆ ಇಳಿಯುವುದರಿಂದ, ತುದಿ ಒಣಗದಂತೆ ನೋಡಿಕೊಳ್ಳಬೇಕು.

301ರಲ್ಲೇ ಮೊದಲು ಗ್ರೀಸ್ ಬೇರಿಂಗ್ ಇತ್ತು, ಆಮೇಲೆ ಎಣ್ಣೆಯದು ಬಂತು. ಯಾವುದು ಚೆಂದ ಅಂತ ಹುಚ್ಚರು ಇವತ್ತಿಗೂ ಜಗಳ ಆಡ್ತಾರೆ. ‘ಗ್ರೀಸಾದ್ರೇನು, ಎಣ್ಣೆಯಾದ್ರೇನು ಪುಟ್ಟಿ, ಒಣಗೋಕೆ ಬಿಡಬಾರದು ಅಷ್ಟೆ.’

‘ಮತ್ತೆ ನಮ್ಮದಕ್ಕೆ ಏನಾಯ್ತು?’

ಅಪ್ಪ ಸ್ವಲ್ಪ ಹೊತ್ತು ವಾಹನಗಳನ್ನೇ ನೋಡಿದರು. ‘ನನ್ನ ತಪ್ಪು. ನಿಮ್ಮಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋದ ದಿನ ಹಾಡು ಓಡ್ತಾ ಇತ್ತು. ಗಾಬರೀಲಿ ಗೋಡೆ ಸ್ವಿಚ್ ಆಫ್ ಮಾಡಿಬಿಟ್ಟೆ. ಲಿವರ್‌ನಲ್ಲಿ ನಿಲ್ಲಿಸಿದ್ರೆ ರಬ್ಬರ್ ಚಕ್ರ ಹಿಂದಕ್ಕೆ ಸರಿಯುತ್ತೆ. ಗೋಡೇಲಿ ಆಫ್ ಮಾಡಿದ್ರೆ ಒತ್ತಿಕೊಂಡೇ ಇರುತ್ತೆ. ಒಂದೂವರೆ ವರ್ಷ ಮುಚ್ಚಳ ತೆಗೀಲಿಲ್ಲ. ಚಕ್ರ ಒಂದು ಕಡೆ ಚಪ್ಪಟೆ ಆಗಿರುತ್ತೆ. ಆ ಧಡ್ ಧಡ್ ಅದೇ.’

‘ರಬ್ಬರ್ ಚಕ್ರ ಒಂದು ಬದಲಾಯಿಸಿದ್ರೆ ಸಾಕಾ?’

‘ಸಾಕು. ಬೇರಿಂಗ್ ಚೆನ್ನಾಗೇ ಇದೆ. ವರ್ಷಕ್ಕೊಂದು ಸಲ ಎಣ್ಣೆ ಬಿಡ್ತಿದ್ದೆನಲ್ಲ.’

ವಾಪಸ್ ರೈಲಿನಲ್ಲಿ ಅಪ್ಪನಿಗೆ ನಿದ್ದೆ. ನಾನು ಫೋನಿನಲ್ಲಿ ಚಕ್ರ ಹುಡುಕಿ ಆರ್ಡರ್ ಮಾಡಿದೆ. ಅವರ ಸೂಟ್‌ಕೇಸಿನಲ್ಲಿ ಸ್ವೆಟರ್ ನಡುವೆ ಸುತ್ತಿ ಕಳಿಸಿದೆ.

ಹೋದ ಭಾನುವಾರ ಅಪ್ಪ ವಾಟ್ಸ್ಯಾಪ್‌ನಲ್ಲಿ ಆಡಿಯೋ ಕಳಿಸಿದ್ರು. ಹೊಸ ಫ್ಲ್ಯಾಟ್, ಕಾಳಿಂಗರಾಯರು, ಹಿಂದೆ ಎಲ್ಲೋ ಕುಕ್ಕರ್ ವಿಷಲ್. ಧಡ್ ಧಡ್ ಇಲ್ಲ. ಕೊನೆಯಲ್ಲಿ ‘ಟಕ್’ ಅಂತ ಒಂದು ಸದ್ದು. ಗೋಡೆ ಸ್ವಿಚ್ ಅಲ್ಲ, ಲಿವರ್‌ದು.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಇದ್ದರೆ, ಗುಜರಿಯವನನ್ನು ಕರೆಯುವ ಮುಂಚೆ ಒಮ್ಮೆ ತಟ್ಟೆ ಎತ್ತಿ ನೋಡಿ.